ಬೀಗರು ಕಟ್ಟಿದ ಬಸ್ ನಿಲ್ದಾಣ

ಮೇಲಿನೂರು, ಕೆಳಗಿನೂರು ಎಂಬ ಎರಡು ಊರುಗಳು ಬೆಳೆದು ಬೆಳೆದು ಒಂದೇ ನಗರವಾಗಿದ್ದವು. ಅವುಗಳ ನಡುವೆ ವೇಗದ ಬಸ್ಸಿಗೆಂದೇ ಬೇರೆ ರಸ್ತೆ ಕಟ್ಟುತ್ತಿದ್ದರು. ನಿಲ್ದಾಣಗಳೆಲ್ಲ ರಸ್ತೆಯ ನಡುಮಧ್ಯೆ. ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಎತ್ತರಕ್ಕೆ ಇರಬೇಕು. ಆಗ ಮೆಟ್ಟಿಲು ಹತ್ತುವ ಗೋಜೇ ಇಲ್ಲ. ಪಡಸಾಲೆಯಿಂದ ಅಡುಗೆಮನೆಗೆ ಹೋದ ಹಾಗೆ ಬಸ್ಸಿನೊಳಗೆ ನಡೆದುಬಿಡಬಹುದು.

ಮೇಲಿನೂರಿನ ಕಡೆಯಿಂದ ಕಟ್ಟುತ್ತ ಬಂದವನು ಫಕೀರಪ್ಪ ಮೇಸ್ತ್ರಿ. ಕೆಳಗಿನೂರಿನ ಕಡೆಯಿಂದ ಬಂದವನು ದ್ಯಾಮಣ್ಣ ಮೇಸ್ತ್ರಿ. ಇಬ್ಬರೂ ಬೀಗರು. ಫಕೀರಪ್ಪನ ಮಗಳು ನೀಲವ್ವನನ್ನು ದ್ಯಾಮಣ್ಣನ ಮಗನಿಗೆ ಕೊಟ್ಟಿತ್ತು. ಮದುವೆಯ ಊಟದಲ್ಲಿ ದ್ಯಾಮಣ್ಣನ ಹೋಳಿಗೆಗೆ ತುಪ್ಪ ಬೀಳಲಿಲ್ಲ. ಅವನು ಕೇಳಲಿಲ್ಲ. ಫಕೀರಪ್ಪನೂ ವಿಚಾರಿಸಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರಿಬ್ಬರೂ ಊಟವನ್ನಂತೂ ಚೆನ್ನಾಗಿಯೇ ಬಲ್ಲವರಾಗಿದ್ದರು.

ನೀಲವ್ವ ಈಗ ಬಸುರಿ. ಮಗಳಿಗೆ ತವರಿನಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆಗೆ ಉಳಿಸಿಕೊಳ್ಳಬೇಕೆಂದು ಅವಳ ತಾಯಿ ದಾರಿ ಕಾಯುತ್ತಿದ್ದಳು. ಎತ್ತರದ ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು. ಗಂಡ ಕಾರು ತರಿಸುತ್ತೇನೆಂದರೆ ಅವಳು ಒಪ್ಪಲಿಲ್ಲ.

"ನಮ್ಮಪ್ಪ ಒಂದ್ ಕಡೆಯಿಂದ, ಮಾವಾರು ಒಂದ್ ಕಡೆಯಿಂದ ಕಟ್ಟಿದ ದಾರಿ ಅದು. ಹೋದ್ರ ಅದರ ಮ್ಯಾಲೇ ತವರಿಗೆ ಹೋಗ್ತೀನಿ. ಇಲ್ಲಾಂದ್ರ ನನಗ ಕುಬಸಾನೂ ಬ್ಯಾಡ," ಅಂದಳು.

ಹಟಮಾರಿ ಹುಡುಗಿ. ಆ ಮಾತು ಇಬ್ಬರು ಮೇಸ್ತ್ರಿಗಳ ಕಿವಿಗೂ ಬಿತ್ತು. ಅವರು ಮೈಮುರಿದು ದುಡಿದರು.

ಕೊನೆಗೆ ಉಳಿದದ್ದು ಎರಡೂ ಊರಿನ ನಡುವಿನ ಒಂದೇ ನಿಲ್ದಾಣ. ಅರ್ಧ ಕಟ್ಟೆ ಇವನದು, ಅರ್ಧ ಅವನದು. ಮುಖ ನೋಡಬಾರದೆಂದು ನಡುವೆ ಪರದೆ ಕಟ್ಟಿಕೊಂಡರು. ಮದುವೆಯಲ್ಲಿ ಹಿಡಿಯುವ ಅಂತರಪಟವಾದರೂ ಅಕ್ಷತೆ ಬೀಳುವ ಹೊತ್ತಿಗೆ ಸರಿಯುತ್ತದೆ, ಇವರದು ಸರಿಯಲಿಲ್ಲ. ಎತ್ತರವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಕಡೆಯ ನೆಲದಿಂದ ಅಳೆದರು. ಆ ನೆಲವೋ ಇಳಿಜಾರು.

ಒಂದು ಮಧ್ಯಾಹ್ನ ಗಾಳಿಗೆ ಪರದೆ ಹಾರಿತು. ನೋಡಿದರೆ ಫಕೀರಪ್ಪನ ಕಟ್ಟೆ ದ್ಯಾಮಣ್ಣನ ಕಟ್ಟೆಗಿಂತ ಒಂದು ಗೇಣು ಮೇಲಿತ್ತು. ಕೂಲಿಯವರು ನಕ್ಕರು. ಮೇಸ್ತ್ರಿಗಳು ಮಾತಾಡದೆ ಪರದೆಯನ್ನು ಮತ್ತೆ ಕಟ್ಟಿಸಿದರು.

ಇಲ್ಲಿ ನನ್ನ ಮಗಳು ಎಡವಿದರೆ ಎಂದು ಫಕೀರಪ್ಪ ಹೆದರಿದ. ತನ್ನ ಕಟ್ಟೆ ಒಡೆದು ಒಂದು ಗೇಣು ತಗ್ಗಿಸಿದ. ನನ್ನ ಸೊಸೆ ಎಡವಿದರೆ ಎಂದು ದ್ಯಾಮಣ್ಣನಿಗೆ ಅನ್ನ ಸೇರಲಿಲ್ಲ. ಅವನು ತನ್ನ ಕಟ್ಟೆಯ ಮೇಲೆ ಒಂದು ಗೇಣು ಕಾಂಕ್ರೀಟು ಏರಿಸಿದ. ಪರದೆಯಾಚೆಯ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ.

ಬಸ್ಸು ಓಡಿಸಿ ನೋಡುವ ದಿನ ಪರದೆ ಇಳಿಸಿದರು. ಈಗ ದ್ಯಾಮಣ್ಣನ ಕಟ್ಟೆ ಒಂದು ಗೇಣು ಮೇಲಿತ್ತು. ಬಂದು ನಿಂತ ಬಸ್ಸಿನ ನೆಲ ಎರಡರ ನಡುವೆ ಇತ್ತು. ಇಬ್ಬರೂ ಅರ್ಧರ್ಧ ಗೇಣು ಸರಿದಿದ್ದರೆ ಸಾಕಾಗುತ್ತಿತ್ತು.

ನೀಲವ್ವ ರೊಟ್ಟಿಬುತ್ತಿ ಹಿಡಿದು ನೋಡಲು ಬಂದಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಬಂದವು.

"ಇಬ್ಬರಿಗೂ ನನ್ನ ಮ್ಯಾಲ ಇಷ್ಟ ಜೀವ ಐತಿ. ಒಂದ್ ಮಾತ ಆಡಾಕ ಮಾತ್ರ ಆಗವಲ್ದು," ಅಂದಳು.

ಮಟ್ಟ ನೋಡುವ ನೀರಿನ ಪೈಪು ಅಲ್ಲೇ ಬಿದ್ದಿತ್ತು. ಅದರೊಳಗೆ ನೀರು ತುಂಬಿ ಎತ್ತಿ ಹಿಡಿದರೆ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹೆಣ್ಣಿನ ಕಡೆ, ಗಂಡಿನ ಕಡೆ ಎಂದು ನೋಡುವುದಿಲ್ಲ. ಆದರೆ ತುದಿಗೆ ಒಬ್ಬೊಬ್ಬರು ನಿಂತು, ಒಬ್ಬರನ್ನೊಬ್ಬರು ಕೂಗಿ ಕೇಳಲೇಬೇಕು.

"ಅಪ್ಪಾ, ಈ ತುದಿ ನೀ ಹಿಡಿ. ಮಾವಾರ, ಆ ತುದಿ ನೀವು ಹಿಡೀರಿ," ಎಂದಳು ನೀಲವ್ವ.

ಇಬ್ಬರೂ ನೀರನ್ನೇ ನೋಡುತ್ತ ನಿಂತರು. ಕಡೆಗೆ ಫಕೀರಪ್ಪನೇ ತನ್ನ ತುದಿ ಎತ್ತಿ ಹಿಡಿದು ಕೂಗಿದ.

"ಬೀಗರ, ನೀರು ನಿಂತತೇನ್ರಿ?"

"ಇನ್ನೂ ಅಲ್ಲಾಡಾಕತ್ತೈತ್ರಿ. ನಿಮ್ಮ ತುದಿ ಚೂರು ಕೆಳಗ ತಗೋರಿ."

"ಈಗ?"

"ಈಗ ನಿಂತತ್ರಿ ಬೀಗರ," ಎಂದ ದ್ಯಾಮಣ್ಣ. ಅವನ ದನಿ ಮೆತ್ತಗಾಗಿತ್ತು.

ಗುರುತು ಹಾಕಿದರು. ಒಬ್ಬ ಅರ್ಧ ಗೇಣು ಇಳಿದ, ಇನ್ನೊಬ್ಬ ಅರ್ಧ ಗೇಣು ಏರಿದ. ಕುಬಸಕ್ಕೆ ಹೊರಟ ದಿನ ನೀಲವ್ವ ಆ ಕಟ್ಟೆಯ ಮೇಲೆ ನಡೆದಳು. ಎರಡು ಕೂಡಿದ ಜಾಗ ಎಲ್ಲಿ ಎಂದು ಕಾಲಿನಿಂದ ಸವರಿ ಹುಡುಕಿದಳು, ಸಿಗಲಿಲ್ಲ. ಹಾಗೇ ಬಸ್ಸಿನೊಳಗೆ ನಡೆದುಹೋದಳು.

ಕುಬಸದ ಊಟದಲ್ಲಿ ಫಕೀರಪ್ಪ ತಾನೇ ತುಪ್ಪದ ಗಿಂಡಿ ಹಿಡಿದು ಬಂದ. ಬೀಗರ ಹೋಳಿಗೆಯ ಮೇಲೆ ತುಪ್ಪ ಹಾಕಿ, "ಸಾಕೇನ್ರಿ?" ಎಂದು ಕೇಳಿದ.

"ಇನ್ನೊಂದ್ ಚೂರು ಹಾಕ್ರಿ," ಎಂದ ದ್ಯಾಮಣ್ಣ.

ಮದುವೆಯ ದಿನ ಬೇಕಾಗಿದ್ದದ್ದೂ ಇವೇ ಎರಡು ಮಾತು.

ನೀತಿ: ಪ್ರೀತಿ ಇದ್ದರೆ ಸಾಲದು, ಬಾಯಿಬಿಟ್ಟು ಕೇಳಬೇಕು. ಕೇಳದೆ ಮಾಡಿದ ಉಪಕಾರ ಒಂದು ಗೇಣು ಹೆಚ್ಚಾಗುತ್ತದೆ, ಇಲ್ಲವೇ ಒಂದು ಗೇಣು ಕಡಿಮೆ ಬೀಳುತ್ತದೆ.