ಆಕಾಶ ಮಾತ್ರ ಬರುತ್ತಿದ್ದ ಚಿತ್ರ

"ಗುರುಗಳೇ, ದೊಡ್ಡ ಚಿತ್ರವನ್ನು ಚಿಕ್ಕದು ಮಾಡಿ ಮಕ್ಕಳಿಗೆ ಕೊಟ್ಟರೆ ಅದು ಮೋಸವಲ್ಲವೇ?" ಎಂದು ಚನ್ನವೀರ ಕೇಳಿದ.

ಅವನು ಮಠದ ಗ್ರಂಥಭಂಡಾರದಲ್ಲಿ ಗುರುಗಳ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಮಠದ ಗೋಡೆಯ ಹಳೆಯ ಚಿತ್ರವನ್ನು ಒಂದು ಗೆರೆಯೂ ತಪ್ಪದಂತೆ ಫೋಟೋ ತೆಗೆದು, ಶಾಲೆಗಳ ವೆಬ್‌ಸೈಟಿಗೆ ಅಷ್ಟೇ ದೊಡ್ಡದಾಗಿ ಏರಿಸಿದ್ದ. ಅದು ತೆರೆಯುವುದೇ ಇಲ್ಲ, ಚಿಕ್ಕದು ಮಾಡಿಕೊಡಿ ಎಂದು ಮೂರು ಶಾಲೆಗಳಿಂದ ಪತ್ರ ಬಂದಿತ್ತು. ಇವನು ಒಪ್ಪಲಿಲ್ಲ. ಕೊಟ್ಟರೆ ಪೂರ್ತಿ ಕೊಡುತ್ತೇನೆ, ಇಲ್ಲವಾದರೆ ತೆಗೆದೇ ಹಾಕುತ್ತೇನೆ ಎಂದು ಹಟ ಹಿಡಿದು ಕೂತಿದ್ದ.

ಗುರುಗಳು ಹೇಳಿದರು:

ಹಟ ಮಾಡುವುದಕ್ಕೇನು, ನಿನ್ನ ವಯಸ್ಸಿನಲ್ಲಿ ನನಗೂ ಬೇಕಾದಷ್ಟಿತ್ತು. ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಒಬ್ಬ ಛಾಯಾಗ್ರಾಹಕನಿದ್ದ. ಅಣೆಕಟ್ಟಿನ ನೀರಿನಲ್ಲಿ ಒಂದು ಊರು ಮುಳುಗುವುದಿತ್ತು. ಅದಕ್ಕೆ ಒಂದು ತಿಂಗಳು ಮುಂಚೆ ಅವನು ಎದುರಿನ ಗುಡ್ಡ ಹತ್ತಿ ಆ ಊರಿನ ಚಿತ್ರ ತೆಗೆದ. ತುಂಡು ತುಂಡಾಗಿ ನಾನೂರು ಫೋಟೋ ತೆಗೆದು, ಕೌದಿ ಹೊಲಿದಂತೆ ಜೋಡಿಸಿ ಒಂದೇ ಚಿತ್ರ ಮಾಡಿದ. ಬಾವಿಯ ರಾಟೆಗೆ ಸುತ್ತಿದ ಹಗ್ಗವೂ ಅದರಲ್ಲಿ ಕಾಣುತ್ತಿತ್ತು. ಊರು ಹೋಯಿತು, ಚಿತ್ರ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಅವನು ಅದನ್ನು ಮಕ್ಕಳ ಪಾಠಕ್ಕೆಂದು ವೆಬ್‌ಸೈಟಿನಲ್ಲಿ ಇಟ್ಟ, ನಿನ್ನ ಹಾಗೆಯೇ, ಇಡಿಯಾಗಿ. ಪಟ್ಟಣದವರು ನೋಡಿ ಭೇಷ್ ಅಂದರು. ಅವನೂ ಬೀಗಿದ. ಬೀಗದೆ ಇರುತ್ತಾನೆಯೇ?

ಮುಳುಗಿದ ಊರಿನವರಿಗೆ ಬೇರೆ ಕಡೆ ಹೊಸ ಊರು ಕಟ್ಟಿಕೊಟ್ಟಿದ್ದರು. ಅಲ್ಲಿನ ಶಾಲೆಯಲ್ಲಿ ಒಬ್ಬ ಶಿಕ್ಷಕಿ, ಒಂದು ಕಂಪ್ಯೂಟರ್, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ನೆಟ್. ಒಂದು ದಿನ ಆ ಶಿಕ್ಷಕಿ ಅವನಿಗೆ ಪತ್ರ ಬರೆದಳು. ನಿಮ್ಮ ಆಕಾಶದ ಚಿತ್ರ ಬಹಳ ಚೆನ್ನಾಗಿದೆ, ಮಕ್ಕಳು ಅದರಲ್ಲಿ ಹನ್ನೊಂದು ಕೊಕ್ಕರೆ ಎಣಿಸಿದರು, ಮುಳುಗಿಹೋದ ನಮ್ಮ ಊರಿನ ಚಿತ್ರವೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ ಎಂದು.

ಅವನಿಗೆ ತಲೆಬುಡ ತಿಳಿಯಲಿಲ್ಲ. ಬಸ್ಸು ಹತ್ತಿ ಹೋದ. ಶಿಕ್ಷಕಿ ಅವನ ಎದುರಿಗೇ ಚಿತ್ರ ತೆರೆದಳು. ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಆಕಾಶ ಬಂತು, ಕೊಕ್ಕರೆ ಬಂತು, ಮತ್ತೆ ಆಕಾಶವೇ ಬಂತು. ಅಷ್ಟರಲ್ಲಿ ಗಂಟೆ ಹೊಡೆದು ಪೀರಿಯಡ್ಡು ಮುಗಿಯಿತು. ಊರು ಇದ್ದದ್ದು ಆಕಾಶದ ಕೆಳಗೆ. ಊರಿನ ಹೆಸರು ಬರೆದದ್ದು ಅದಕ್ಕೂ ಕೆಳಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು. ಪೂರ್ತಿ ಕೊಟ್ಟೆನೆಂದು ಬೀಗಿದವನು ಕೊಟ್ಟದ್ದು ಕೊಕ್ಕರೆಯನ್ನು.

ಆದರೆ ಅವನು ಕೈಕಟ್ಟಿ ಕೂರುವವನಲ್ಲ. ಪಟ್ಟಣಕ್ಕೆ ಹೋಗಿ ಚಿತ್ರವನ್ನು ಹಂತ ಹಂತವಾಗಿ ಚಿಕ್ಕದು ಮಾಡಿ, ಪ್ರತಿ ಹಂತವನ್ನೂ ಚೌಕ ಚೌಕವಾಗಿ ಕತ್ತರಿಸಿದ. ಮೊದಲು ಇಡೀ ಊರು ಅಂಗೈಯಗಲ ಬರುತ್ತದೆ. ಆಮೇಲೆ ಎಲ್ಲಿ ಒತ್ತುತ್ತೀಯೋ ಅಲ್ಲಿನ ಚೌಕ ಮಾತ್ರ ಬಂದು ದೊಡ್ಡದಾಗುತ್ತದೆ, ಉಳಿದದ್ದು ಇದ್ದಲ್ಲೇ ಇರುತ್ತದೆ. ಅಷ್ಟು ಚೌಕಗಳನ್ನು ಇಡಲು ಜಾಗ ಬಹಳ ಬೇಕಾಯಿತು. ಆಗ ಅವನು ಜಾಣತನ ಮಾಡಿದ. ಗುಡಿ, ದೇಸಾಯರ ವಾಡೆ, ಹೊಳೆಯ ಮೆಟ್ಟಿಲು, ಇವನ್ನು ಜನ ನೋಡುತ್ತಾರೆ ಎಂದು ಕೊನೆಯ ಹಂತದವರೆಗೂ ಸ್ಪಷ್ಟವಾಗಿ ಇಟ್ಟ. ಓಣಿಗಳನ್ನು ಯಾರು ನೋಡುತ್ತಾರೆ ಎಂದು ನಡುವಿನ ಹಂತಕ್ಕೇ ಬಿಟ್ಟ.

ಈ ಸಲ ಶಾಲೆಯಲ್ಲಿ ಚಿತ್ರ ಕಣ್ಣುಮಿಟುಕಿಸುವಷ್ಟರಲ್ಲಿ ತೆರೆಯಿತು. ತೋರಿಸಲು ಅವನೇ ಬಂದಿದ್ದ. ಸುದ್ದಿ ಹಬ್ಬಿ ಊರಿನವರೆಲ್ಲ ಬಂದರು. ಕೋಲೂರಿಕೊಂಡು ಒಬ್ಬ ಮುದುಕಿಯೂ ಬಂದಳು. ಅವಳ ಗಂಡ ಊರು ಬಿಡುವ ವಾರವೇ ತೀರಿಕೊಂಡಿದ್ದ. ಅವನ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ವರ್ಷ ಕಳೆದ ಹಾಗೆ ಅವನ ಮುಖ ಅವಳ ನೆನಪಿನಿಂದ ಮಾಸುತ್ತಿತ್ತು. ನಲವತ್ತು ವರ್ಷ ಬಾಳಿದವನ ಮುಖ ಮರೆಯುತ್ತಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಅವಳಿಗೆ ಅದೇ ದೊಡ್ಡ ಸಂಕಟವಾಗಿತ್ತು.

"ತಮ್ಮಾ, ನಮ್ಮ ಮನಿಯವರು ದಿನಾ ಮುಂಜಾನಿ ಓಣಿ ಕಟ್ಟಿ ಮ್ಯಾಲೆ ಕೂಡತಿದ್ರು. ಇದರಾಗ ಅದಾರೇನು ನೋಡು. ಅವರ ಮಾರಿ ನನಗ ಮರ್ತ ಹೊಂಟೈತಿ" ಅಂದಳು.

ಛಾಯಾಗ್ರಾಹಕ ಓಣಿಯ ಕಟ್ಟೆಯ ಮೇಲೆ ಒತ್ತಿದ. ಎಳ್ಳುಕಾಳಿನಷ್ಟು ಬಿಳುಪು ಕಂಡಿತು. ಇನ್ನೂ ಒತ್ತಿದ. ಅದೇ ಬಿಳುಪು ಅಗಲವಾಗಿ ಹರಡಿತು, ಮುಖವಿಲ್ಲ. ಗುಡಿಯ ಗೋಪುರದ ಮೇಲೆ ಕೂತ ಪಾರಿವಾಳದ ಕಣ್ಣು ಕಾಣುತ್ತಿತ್ತು, ಕಟ್ಟೆಯ ಮೇಲೆ ಕೂತ ಮನುಷ್ಯ ಕಾಣಲಿಲ್ಲ. ಮುದುಕಿ ಯಾರನ್ನೂ ಬೈಯಲಿಲ್ಲ. ಕೋಲು ತೆಗೆದುಕೊಂಡು ಎದ್ದಳು.

ಅವನಿಗೆ ನಾಚಿಕೆಯಾಯಿತು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅಜ್ಜಿ, ತಪ್ಪು ಚಿತ್ರದ್ದಲ್ಲ, ನನ್ನದು, ಓಣಿಯನ್ನು ಯಾರು ನೋಡುತ್ತಾರೆಂದು ನಾನೇ ಬಿಟ್ಟೆ, ಹತ್ತು ದಿನ ತಡೆ ಎಂದು ಹೇಳಿ ಹೋದ. ಮೂಲ ಚಿತ್ರ ಅವನ ಹತ್ತಿರ ಹಾಗೆಯೇ ಇತ್ತು. ಜಾಗ ಎಷ್ಟಾದರೂ ಹಿಡಿಯಲಿ ಎಂದು ಅದನ್ನು ಮತ್ತೆ ಮೊದಲಿನಿಂದ ಕತ್ತರಿಸಿದ. ಗುಡಿಗೆ ಎಷ್ಟೋ ತಿಪ್ಪೆಗೂ ಅಷ್ಟೇ, ವಾಡೆಗೆ ಎಷ್ಟೋ ದನದ ಕೊಟ್ಟಿಗೆಗೂ ಅಷ್ಟೇ.

ಹನ್ನೊಂದನೆಯ ದಿನ ಮುದುಕಿಯ ಬೆರಳು ಹಿಡಿದು ಶಿಕ್ಷಕಿ ಅದೇ ಕಟ್ಟೆಯ ಮೇಲೆ ಒತ್ತಿಸಿದಳು. ಒಂದು ಚೌಕ ಬಂತು. ಅದರಲ್ಲಿ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ರುಮಾಲು ಸುತ್ತಿಕೊಳ್ಳುತ್ತಿದ್ದ. ಮುಖ ಈ ಕಡೆಗೇ ಇತ್ತು.

"ಇವರೇ. ಎಡಗಿವಿ ಒಂದೀಟು ಸಣ್ಣದಿತ್ತು, ಅದನ್ನೂ ಮರ್ತಿದ್ದೆ" ಅಂದಳು ಮುದುಕಿ, ಅಳುತ್ತ.

ಅಂದಿನಿಂದ ಪ್ರತಿ ಸೋಮವಾರ ಅವಳು ಶಾಲೆಗೆ ಬರುತ್ತಾಳೆ. ಗುಡಿ ನೋಡುವುದಿಲ್ಲ, ವಾಡೆ ನೋಡುವುದಿಲ್ಲ. ಆ ಒಂದು ಚೌಕ ತೆರೆಸಿ, ನೋಡಿ, ಮನೆಗೆ ಹೋಗುತ್ತಾಳೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು. ಅವನು ಎದ್ದೇ ನಿಂತ. ತಿಳಿಯಿತು ಗುರುಗಳೇ, ಈಗಲೇ ಹೋಗಿ ಚೌಕ ಮಾಡುತ್ತೇನೆ ಅಂದ. ಗೋಡೆಯ ಚಿತ್ರದ ನಡುವಿನ ದೇವರು, ರಾಜರು, ಆನೆ ಕುದುರೆ ಎಲ್ಲ ಕೊನೆಯ ಹಂತದವರೆಗೂ ಸ್ಪಷ್ಟವಾಗಿರುತ್ತದೆ, ಸುತ್ತಲಿನ ಅಂಚಿನಲ್ಲಿ ಬರೀ ಬಳ್ಳಿ ಇದೆ, ಅದನ್ನು ಸ್ವಲ್ಪ ಒರಟಾಗಿ ಬಿಟ್ಟರೆ ಎರಡೇ ದಿನದ ಕೆಲಸ ಎಂದು ಲೆಕ್ಕ ಹಾಕಿದ.

ಗುರುಗಳು ಅವನನ್ನೇ ನೋಡಿದರು.

"ಆ ಅಂಚಿನಲ್ಲಿ ಯಾರ ಗಂಡ ಕೂತಿದ್ದಾನೋ ವಿಚಾರಿಸಿಕೊಂಡು ಬಂದೆಯೇನಯ್ಯಾ?"