ಮುಳ್ಳುಹಂದಿಯಮ್ಮನ ಬಾಡಿಗೆ ಕುರ್ಚಿ

ಮುಳ್ಳುಹಂದಿಯಮ್ಮನ ಕ್ಷೌರದಂಗಡಿಯಲ್ಲಿ ಕೋತಿರಾಯ ಒಂದು ಕುರ್ಚಿಯನ್ನು ಬಾಡಿಗೆಗೆ ಹಿಡಿದು ಸ್ವಂತ ಕಸುಬು ನಡೆಸುತ್ತಿದ್ದ. ಅಷ್ಟರಲ್ಲಿ ಅವಳ ಮಗಳು ಕೆಲಸ ಕಲಿತಳು. ಅವಳಿಗೂ ಕುರ್ಚಿ ಬೇಕಾಯಿತು. ಅದನ್ನು ಹೇಳಲಾರದೆ ತಾಯಿ ಕೋತಿಯನ್ನು ದಿನವೂ ಚುಚ್ಚತೊಡಗಿದಳು: “ತಡವಾಗಿ ಬರುತ್ತೀಯ, ಗಲಾಟೆ ಮಾಡುತ್ತೀಯ!”

“ಅಕ್ಕಾ, ನಾನು ನಿಮ್ಮ ಆಳಲ್ಲ, ಬಾಡಿಗೆದಾರ. ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿ,” ಎಂದ ಕೋತಿ.

“ಮಗಳಿಗೆ ಕುರ್ಚಿ ಬೇಕಪ್ಪ.”

“ಅಷ್ಟೇನಾ? ಹುಣ್ಣಿಮೆಗೆ ಬಿಟ್ಟುಕೊಡುತ್ತೇನೆ. ನನ್ನ ಗಿರಾಕಿಗಳು ಬಂದರೆ ನಾನಿರುವ ಜಾಗ ತೋರಿಸಿ.”

ಹುಣ್ಣಿಮೆ ಕಳೆದ ಮೇಲೆ ಕರಡಿಯಣ್ಣ ಕೋತಿಯನ್ನು ಹುಡುಕಿಕೊಂಡು ಬಂದ. ಬಾಗಿಲಿಗೆ ಬಂದ ಗಿರಾಕಿಯನ್ನು ಕಳಿಸಲು ಮುಳ್ಳುಹಂದಿಯಮ್ಮನಿಗೆ ಸಂಕಟವಾಯಿತು. ಆದರೂ, “ಆಲದ ಮರದಡಿ ಇದ್ದಾನೆ, ಹೋಗಿ,” ಎಂದಳು.

ಮರುದಿನ ಕರಡಿಯಣ್ಣ ಮರಿಯನ್ನು ಕರೆತಂದ. “ನನ್ನ ತಲೆ ಕೋತಿಗೇ ಒಗ್ಗಿದೆ. ಮಗುವಿನ ತಲೆ ಮಾತ್ರ ಸುಳ್ಳು ಹೇಳದ ಈ ಅಂಗಡಿಗೆ!”

ಮಗಳು ನಗುತ್ತ ಕತ್ತರಿ ಕೈಗೆತ್ತಿಕೊಂಡಳು.