ಹಾಲೇಶಪ್ಪನವರ ಕಾರು ಓಡದೇ ಓಡಿದ್ದು

ನಮ್ಮ ಜಿಲ್ಲೆಯಲ್ಲಿ ಓಡಾಡುವ ಕಾರುಗಳಲ್ಲಿ ಅರ್ಧಕ್ಕರ್ಧ ನನ್ನನ್ನು ಕೇಳಿಯೇ ಇಂಜಿನ್ ಆಯಿಲ್ ಬದಲಾಯಿಸಿಕೊಳ್ಳುತ್ತವೆ. ಇದು ಸುಳ್ಳು. ನನ್ನ ಹತ್ತಿರ ಇರುವುದು ಸೈಕಲ್ಲು. ಅದರ ಚೈನಿಗೆ ಬಿಡುವುದು ತಲೆಗೆ ಹಚ್ಚಿ ಮಿಕ್ಕ ಕೊಬ್ಬರಿ ಎಣ್ಣೆ. ಆದರೆ ಈಗ ಈ ಚಾ ಅಂಗಡಿಯಲ್ಲಿ ಕೂತು ಹೇಳುವ ಕಥೆ ನಿಜ. ಪೂರ್ತಿ ಅಲ್ಲ, ಬೇಕಾದಷ್ಟು.

ದಾವಣಗೆರೆಯಲ್ಲಿ ಹಾಲೇಶಪ್ಪ ಅಂತ ಒಬ್ಬ ಪಾತ್ರೆ ಅಂಗಡಿಯವರಿದ್ದರು. ಅವರಿಗೆ ಶಿವಲೀಲಕ್ಕ ಅಂತ ಹೆಂಡತಿ, ಜೊತೆಗೆ ಒಂದು ಹಳೆಯ ಬಿಳಿ ಕಾರು. ಹಾಲೇಶಪ್ಪನವರು ಇಬ್ಬರನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂದುಕೊಂಡಿದ್ದರು. ಇಬ್ಬರನ್ನೂ ಕೇಳಿರಲಿಲ್ಲ.

ಒಂದು ಸಲ ಕಾರಿಗೆ ಹೊಸ ಆಯಿಲ್ ಫಿಲ್ಟರ್ ತರಬೇಕಾಯಿತು. ಹಾಲೇಶಪ್ಪನವರು ಹೆಣ್ಣು ನೋಡಲು ಹೋದಾಗಲೂ ಅಷ್ಟು ವಿಚಾರಿಸಿರಲಿಲ್ಲ. ಮೆಕ್ಯಾನಿಕ್ಕನ್ನು ಕೇಳಿದರು. ಅವನು ಕಂಪನಿಯದ್ದೇ ಹಾಕಿ ಅಂದ. ಲಾರಿ ಇಟ್ಟುಕೊಂಡಿದ್ದ ಗೆಳೆಯನನ್ನು ಕೇಳಿದರು. ಅವನು ಕಂಪನಿಯದ್ದು ಬರೀ ಹೆಸರು, ಒಳಗಿನ ಕಾಗದ ದಪ್ಪ ಇದೆಯಾ ನೋಡು ಅಂದ. ಮೊಬೈಲಿನ ಗ್ರೂಪಿನಲ್ಲಿ ಕೇಳಿದರು. ಅಲ್ಲಿ ಫಿಲ್ಟರಿನ ವಿಷಯಕ್ಕೆ ಇಬ್ಬರು ಜಗಳವಾಡಿ ಗ್ರೂಪು ಬಿಟ್ಟು ಹೋದರು. ಅಂಗಡಿಯಲ್ಲಿ ಡಬ್ಬಿ ಬಿಚ್ಚಿಸಿ, ರಬ್ಬರ್ ಬಳೆ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೊನೆಗೆ ಮೂಗಿಗೂ ಹಿಡಿದರು. ಅಂಗಡಿಯವನು ಬೇಸತ್ತು, "ಯಜಮಾನರೇ, ಇದನ್ನ ಸಾರಿಗೆ ಹಾಕಲ್ಲ" ಅಂದ.

ಅಂತೂ ಅತ್ಯುತ್ತಮವಾದ ಫಿಲ್ಟರ್ ಮನೆಗೆ ಬಂತು. ಬಂದಿದ್ದು ಷೋಕೇಸಿಗೆ ಹೋಯಿತು, ಕುಂಕುಮದ ಬೆಳ್ಳಿ ಭರಣಿಯ ಪಕ್ಕಕ್ಕೆ.

"ರೀ, ಹಾಕಿಸಲ್ವಾ?" ಅಂದಳು ಶಿವಲೀಲಕ್ಕ.

"ಮೀಟರಿನಲ್ಲಿ ಇನ್ನೂ ಐದು ಸಾವಿರ ಕಿಲೋಮೀಟರ್ ಆಗಬೇಕು. ಆಮೇಲೆ ಆಯಿಲ್ಲು, ಫಿಲ್ಟರು ಎರಡೂ ಒಟ್ಟಿಗೆ."

ದಸರಾ ಬಂದು ಹೋಯಿತು. ಶಿವಲೀಲಕ್ಕ ಮತ್ತೆ ಕೇಳಿದಳು. ಇನ್ನೂ ಆಗಿಲ್ಲ ಅಂದರು. ಶ್ರಾವಣದಲ್ಲಿ ಸೋಮವಾರಕ್ಕೊಂದು ಊರು ಸುತ್ತಿದರು. ಆಗಿಲ್ಲ ಅಂದರು. ಮತ್ತೊಂದು ದಸರಾ ಬಂತು. ಷೋಕೇಸ್ ಒರೆಸುವಾಗ ಅವಳು ಆ ಫಿಲ್ಟರನ್ನೂ ಒರೆಸಿ, ಅಭ್ಯಾಸಬಲದಿಂದ ಅದಕ್ಕೂ ಕುಂಕುಮ ಇಟ್ಟಳು.

"ವರ್ಷಕ್ಕೊಂದು ಸಲನಾದ್ರೂ ಬದಲಾಯಿಸಬೇಕಂತೆ, ಪಕ್ಕದ ಮನೆಯವರು ಹೇಳಿದ್ರು."

"ಆಯಿಲ್ಲಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ. ಲೆಕ್ಕ ಅಂದ್ರೆ ಮೀಟರು. ಮೀಟರು ಸುಳ್ಳು ಹೇಳಲ್ಲ."

ಶಿವಲೀಲಕ್ಕ ಒರೆಸುವ ಬಟ್ಟೆ ಕೊಡವಿ ಒಳಗೆ ಹೋದಳು. ಗೋಡೆಗೆ ಹೇಳಿದರೆ ಗೋಡೆಯಾದರೂ ಸುಮ್ಮನಿರುತ್ತದೆ, ಇವರು ತಿರುಗಿ ಪಾಠ ಹೇಳುತ್ತಾರೆ ಅಂತ ಅವಳಿಗೆ ಅನ್ನಿಸಿತ್ತು.

ಹೀಗಿರುವಾಗ ಚನ್ನಗಿರಿಯಿಂದ ಅವಳ ಅಣ್ಣ ಮುರಿಗೆಪ್ಪನ ಫೋನು ಬಂತು. ಅಣ್ಣ ಫೋನು ಮಾಡಿದ್ದೇ ದೊಡ್ಡ ಸುದ್ದಿ. ಹಿಂದೆ ಹಾಲೇಶಪ್ಪನವರು ಅವನಿಗೆ ಒಂದು ನೀರಿನ ಮೋಟಾರು ಕೊಡಿಸಿದ್ದರು. ಹೊಸದು ಅಂದಿದ್ದರು. ಬಿಚ್ಚಿ ನೋಡಿದರೆ ಸುಟ್ಟು ಹೋಗಿ ಮತ್ತೆ ತಂತಿ ಸುತ್ತಿಸಿದ್ದು. ಆಗ ಶಿವಲೀಲಕ್ಕ ಗಂಡನ ಕಡೆ ನಿಂತು, ನಮ್ಮನೆಯವರು ಸುಳ್ಳು ಹೇಳೋರಲ್ಲ ಅಂದಿದ್ದಳು. ಅವತ್ತಿನಿಂದ ತವರಿನ ಮಾತು ನಿಂತಿತ್ತು.

"ತಂಗೆಮ್ಮ, ಮನೆ ಕಟ್ಟಿಸಿದೀನಿ. ಹಾಲು ಉಕ್ಕಿಸೋಕೆ ಮನೆಮಗಳು ಬೇಕು. ಒಂಬತ್ತೂವರೆ ಒಳಗೆ ಮುಹೂರ್ತ. ಬರ್ತೀಯಾ?"

ಬರ್ತೀನಿ ಅಂದವಳೇ ಅವಳು ಹಾಲಿನ ಪಾತ್ರೆ ಹುಡುಕಲು ಎದ್ದಳು.

ಹಾಲೇಶಪ್ಪನವರಿಗೂ ಖುಷಿಯಾಯಿತು. ಅವರ ಖುಷಿಗೆ ಬೇರೆ ಕಾರಣ. ಮುರಿಗೆಪ್ಪನ ಬೀಗರು ತೋಟಪ್ಪ ಒಂದು ಹಳೆಯ ಕಾರು ಹುಡುಕುತ್ತಿದ್ದಾರೆ ಅಂತ ಅವರ ಕಿವಿಗೆ ಬಿದ್ದಿತ್ತು.

ಗೃಹಪ್ರವೇಶದ ದಿನ ಬೆಳಿಗ್ಗೆ ಹಾಲೇಶಪ್ಪನವರು ಬಾನೆಟ್ ಎತ್ತಿ, ಕೈ ಹಾಕಿ, ಏನನ್ನೋ ಕಿತ್ತು, ಬಾನೆಟ್ ಮುಚ್ಚಿದರು. ಊರು ಬಿಡುವಾಗೆಲ್ಲ ಅವರು ಹೀಗೆ ಮಾಡುತ್ತಿದ್ದರು. ನೀರು ನೋಡುತ್ತಾರೇನೋ ಅಂದುಕೊಂಡು ಶಿವಲೀಲಕ್ಕ ಹಾಲಿನ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸಂತೆಬೆನ್ನೂರು ದಾಟಿದ ಮೇಲೆ, ಎಷ್ಟು ಜೋರಾಗಿ ಹೋಗುತ್ತಿದ್ದೇವೆ ಅಂತ ಸುಮ್ಮನೆ ಮೀಟರು ನೋಡಿದಳು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

"ರೀ, ನಾವು ನಿಂತಿದೀವಾ?"

"ಯಾಕೆ?"

"ಮೀಟರು ಸೊನ್ನೆ ತೋರಿಸ್ತಿದೆ. ಮರಗಳೇನು ತಾವಾಗೇ ಹಿಂದಕ್ಕೆ ನಡ್ಕೊಂಡು ಹೋಗ್ತಿವೆಯಾ?"

ಹಾಲೇಶಪ್ಪನವರು ಮೀಸೆಯಲ್ಲೇ ನಕ್ಕರು. "ಕೇಬಲ್ ಕಿತ್ತಿದೀನಿ ಕಣೆ. ದೂರ ಹೋಗುವಾಗ ಕೀಳೋದು, ಊರೊಳಗೆ ಸಿಕ್ಕಿಸೋದು. ಗಾಡಿ ಎಷ್ಟು ಓಡಿದ್ರೂ ಮೀಟರಿಗೆ ಗೊತ್ತಾಗಲ್ಲ. ಕಮ್ಮಿ ಓಡಿದೆ ಅಂದ್ರೆ ಒಳ್ಳೆ ಬೆಲೆ. ತೋಟಪ್ಪ ನೋಡಿ ಬಾಯಿ ಬಿಡ್ತಾನೆ ನೋಡ್ತಿರು."

ಶಿವಲೀಲಕ್ಕ ಹಾಲಿನ ಪಾತ್ರೆಯ ಮುಚ್ಚಳ ಒತ್ತಿ ಹಿಡಿದು ಗಂಡನ ಕಡೆ ತಿರುಗಿದಳು.

"ಅಂದ್ರೆ, ಆಯಿಲ್ ಬದಲಾಯಿಸೋಕೆ ನೀವು ಕಾಯ್ತಾ ಇರೋದು ಇದೇ ಮೀಟರನ್ನಾ?"

ಹಾಲೇಶಪ್ಪನವರು ಹಾರನ್ ಒತ್ತಿದರು. ಎದುರಿಗೆ ರಸ್ತೆ ಖಾಲಿ ಇತ್ತು.

"ಊರಿಗೆಲ್ಲ ಸುಳ್ಳು ಹೇಳಲಿ ಅಂತ ಇಟ್ಕೊಂಡ ಮೀಟರು ನಿಮಗೊಬ್ರಿಗೆ ಮಾತ್ರ ನಿಜ ಹೇಳುತ್ತೇನ್ರೀ?"

"ಅದು ಹಾಗಲ್ಲ..." ಅಂದರು. ಹೇಗೆ ಅಂತ ಹೇಳುವ ಮೊದಲೇ ಇಂಜಿನ್ನಿನಿಂದ ಒರಳಲ್ಲಿ ಕಲ್ಲು ಕುಟ್ಟಿದ ಸದ್ದು ಬಂತು. ಬೇವಿನ ಮರವೊಂದರ ಎದುರಿಗೆ ಕಾರು ನಿಂತಿತು. ಕೀಲಿ ತಿರುಗಿಸಿದರೆ ಟಕ್ ಅಂದಿತು, ಅಷ್ಟೇ. ಆಯಿಲ್ ನೋಡುವ ಕಡ್ಡಿ ಎಳೆದರು. ಅದರ ತುದಿಯಲ್ಲಿ ಕಾಡಿಗೆಯಂಥದ್ದು ಚೂರು ಅಂಟಿತ್ತು. ಆಯಿಲ್ ಅನ್ನುವುದು ಅದರೊಳಗೆ ಯಾವ ಕಾಲಕ್ಕೋ ಸತ್ತಿತ್ತು.

ಗಂಟೆ ಎಂಟೂವರೆಯಾಗುತ್ತಾ ಬಂದಿತ್ತು. ಬಸ್ಸಿನ ಸುಳಿವಿಲ್ಲ. ಅಷ್ಟರಲ್ಲಿ ಅಣ್ಣನ ಫೋನು.

"ಎಲ್ಲಿದೀಯ ತಂಗೆಮ್ಮ? ಒಲೆ ಹಚ್ಚದೆ ಕಾಯ್ತಿದೀವಿ. ಐನೋರು ಅವಸರ ಮಾಡ್ತಿದಾರೆ."

ಹಾಲೇಶಪ್ಪನವರು ಕೈಸನ್ನೆ ಮಾಡಿ ಪಿಸುಗುಟ್ಟಿದರು. "ಪಂಕ್ಚರ್ ಅನ್ನು. ಇಂಜಿನ್ ಸುದ್ದಿ ಎತ್ತಬೇಡ. ನಾಳೆ ರಿಪೇರಿ ಮಾಡಿಸಿ ತೋಟಪ್ಪನಿಗೆ ದಾಟಿಸೋಣ."

ಶಿವಲೀಲಕ್ಕ ಗಂಡನನ್ನು ನೋಡಿದಳು. ಪಂಕ್ಚರ್ ಅಂದರೆ ಇವತ್ತಿನ ಮಾನ ಉಳಿಯುತ್ತದೆ. ನಾಳೆ ತೋಟಪ್ಪನವರು ಬಾನೆಟ್ ಎತ್ತಿದ ದಿನ ತವರಿನ ಬಾಗಿಲು ಮುಚ್ಚುತ್ತದೆ. ಈ ಸಲ ಮುಚ್ಚಿದರೆ ತೆಗೆಯುವುದಿಲ್ಲ.

"ಅಣ್ಣಾ, ಕಾರು ಕೆಟ್ಟಿದೆ. ಎರಡು ವರ್ಷದಿಂದ ಆಯಿಲ್ ಬದಲಾಯಿಸಿಲ್ಲ. ಮೀಟರು ಸುಳ್ಳು. ಆವತ್ತಿನ ಮೋಟಾರೂ ಸುಳ್ಳೇ ಇರಬೇಕು, ನಾನೇ ಕಣ್ಣು ಮುಚ್ಕೊಂಡು ವಾದ ಮಾಡಿದೆ. ಈಗ ಸಂತೆಬೆನ್ನೂರು ದಾಟಿ ಬೇವಿನ ಮರದ ಹತ್ತಿರ ನಿಂತಿದೀನಿ. ಹಾಲು ನನ್ನ ಕೈಯಲ್ಲೇ ಇದೆ. ಏನು ಮಾಡಲಿ ಹೇಳು."

ಆ ಕಡೆ ವಾದ್ಯದ ಸದ್ದಿನ ನಡುವೆ ಅಣ್ಣ ಯಾರನ್ನೋ ಕೂಗಿ ಕರೆದ.

"ಅಲ್ಲೇ ಇರು. ಗಾಡಿ ಕಳಿಸ್ತೀನಿ" ಅಂದ ಅಣ್ಣ.

ಜೀಪು ಬಂತು. ಓಡಿಸಿಕೊಂಡು ಬಂದವರು ತೋಟಪ್ಪನವರೇ. ಅವಸರದಲ್ಲಿ ಮುರಿಗೆಪ್ಪ ಅವರಿಗೆ ಹೇಳಿದ್ದು, ತಂಗಿಯ ಕಾರು ನಿಂತಿದೆ, ಕರ್ಕೊಂಡು ಬನ್ನಿ, ಅಷ್ಟೇ. ಆದರೂ ಹಳೇ ಕಾರು ಹುಡುಕುವವರ ಕಣ್ಣು ಸುಮ್ಮನಿರುತ್ತದೆಯೇ? ಶಿವಲೀಲಕ್ಕ ಜೀಪು ಹತ್ತುವಷ್ಟರಲ್ಲಿ ಅವರು ಕಾರಿನ ಕಿಟಕಿಯಲ್ಲಿ ತಲೆ ಹಾಕಿ, ಕೀಲಿ ತಿರುಗಿಸಿ ಆ ಟಕ್ ಸದ್ದು ಕೇಳಿ, ಮೀಟರಿನ ಅಂಕಿಯನ್ನೂ ನೋಡಿಬಿಟ್ಟರು.

"ಇಂಜಿನ್ ಹಿಡ್ಕೊಂಡಿದೆಯಾ? ಇಷ್ಟು ಕಮ್ಮಿ ಓಡಿದ್ದಕ್ಕೇನಾ?" ಅಂತ ತಲೆ ಹೊರಗೆ ತೆಗೆದರು. "ಬಿಡಿ, ಇದು ಹುಟ್ಟಾ ರೋಗಿಷ್ಟ ಗಾಡಿ. ಪುಕ್ಕಟೆ ಕೊಟ್ರೂ ಬೇಡ."

ಹಾಲೇಶಪ್ಪನವರು ಕಂಗಾಲಾದರು. "ಇಲ್ಲ ಸ್ವಾಮಿ, ಗಾಡಿ ಗಟ್ಟಿ. ಮೀಟರು ತೋರಿಸೋದರ ಮೂರರಷ್ಟು ಓಡಿದೆ. ಮೀಟರ್ ಕೇಬಲ್ ನಾನೇ ಕೀಳ್ತಿದ್ದೆ, ದೇವರಾಣೆಗೂ."

ತೋಟಪ್ಪನವರು ಅವರ ಹೆಗಲು ತಟ್ಟಿದರು. "ಗಾಡಿ ಮೇಲೆ ಪ್ರೀತಿ ಇರಬೇಕು ಸರಿ. ಅದಕ್ಕೋಸ್ಕರ ಹೀಗೆಲ್ಲ ಸುಳ್ಳು ಹೇಳಬಾರದು ಯಜಮಾನರೇ."

ಕಾರು ಕಾಯಲು ಹಾಲೇಶಪ್ಪನವರು ಅಲ್ಲೇ ಉಳಿದರು. ಜೀಪು ಹೊರಟಿತು.

ಒಂಬತ್ತೂವರೆಗೆ ಸ್ವಲ್ಪ ಮುಂಚೆ ಶಿವಲೀಲಕ್ಕ ಹೊಸ ಮನೆಯ ಹೊಸ್ತಿಲು ದಾಟಿದಳು. ಒಲೆ ಹಚ್ಚಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಒರೆಸಬೇಡ ಅಂದ ಅಣ್ಣ. ಆಮೇಲೆ ಸುತ್ತ ನೋಡಿ ಕೇಳಿದ.

"ಭಾವ ಎಲ್ಲಿ?"

"ರಸ್ತೇಲಿ ಹೋಗೋ ಬರೋರಿಗೆಲ್ಲ ನಿಜ ಹೇಳ್ತಾ ಕೂತಿದಾರೆ ಅಣ್ಣ. ಪಾಪ, ಯಾರೂ ನಂಬ್ತಿಲ್ಲ."

ನೀತಿ: ಬೇರೆಯವರನ್ನು ಮೋಸಗೊಳಿಸಲು ಇಟ್ಟುಕೊಂಡ ಅಳತೆಗೆ ಮೊದಲು ಮೋಸಹೋಗುವವನು ಅದನ್ನು ಇಟ್ಟುಕೊಂಡವನೇ. ಆಮೇಲೆ ಅವನು ನಿಜ ಹೇಳಿದರೂ ಅದನ್ನು ಕೊಳ್ಳುವವರಿರುವುದಿಲ್ಲ. ಇನ್ನು ಯಾವ ಫಿಲ್ಟರ್ ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ. ಗಾಡಿಗೆ ಹೊಂದುವಂಥದ್ದು ತನ್ನಿ, ತಂದ ವಾರವೇ ಹಾಕಿಸಿ, ವರ್ಷ ತುಂಬಿದರೆ ಮೀಟರಿನ ಮುಖ ನೋಡದೆ ಬದಲಾಯಿಸಿ. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲೂ ಒಣಗಿತು, ಎರಡು ಚಾ ಕುಡಿದೆ. ನೀವು ಏಳುವಾಗ ಅದರ ದುಡ್ಡೂ ಸೇರಿಸಿ ಕೊಟ್ಟುಬಿಡಿ.